ರಕ್ತ ತೆಗೆದರು, ಆಪರೇಷನ್ ಆಯ್ತು… ಮತ್ತೆ ತಲೆಗೆ ಪೈಪ್ ಯಾಕೆ? ಬ್ರೇನ್ ಹ್ಯಾಮರೇಜ್ ರೋಗಿಗಳ ಮನೆಯವರು ತಿಳಿದಿರಬೇಕಾದ 'ನೀರಿನ' ವಿಷಯ

ಬೆಳ್ಳಟ್ಟಿ: ಮೆದುಳಿನಲ್ಲಿ ರಕ್ತಸ್ರಾವ, ಅಂದ್ರೆ ಬ್ರೇನ್ ಹ್ಯಾಮರೇಜ್ ಆದವರ ಮನೆಯವರು ಆಪರೇಷನ್ ಥಿಯೇಟರ್ ಹೊರಗೆ ಒಂದೇ ಮಾತಿಗೆ ಕಾಯ್ತಿರ್ತಾರೆ. 'ಆಪರೇಷನ್ ಆಯ್ತು, ರಕ್ತದ ಗಡ್ಡೆ ತೆಗೆದೀವಿ' ಅಂದ ಕೂಡಲೇ ಊರಿಗೆ ಫೋನ್ ಹೋಗ್ತದೆ, ಹರಕೆ ಹೊತ್ತವರು ಗುಡಿಗೆ ಕಾಯಿ ಕಳಿಸ್ತಾರೆ. ನಾಲ್ಕೈದು ದಿನ ಕಳೆದ ಮೇಲೆ ಡಾಕ್ಟರ್ ಮತ್ತೆ ಕರೆದು 'ತಲೆಯಲ್ಲಿ ನೀರು ತುಂಬ್ತಾ ಇದೆ, ಪೈಪ್ ಹಾಕಬೇಕು, ಸಹಿ ಮಾಡಿ' ಅಂತಾರೆ. ಆಗ ಮನೆಯವರಿಗೆ ಮೊದಲು ಬರೋ ಅನುಮಾನ ಆಪರೇಷನ್ ಕೆಟ್ಟಿತೇನು ಅಂತ. ಎರಡನೆಯದು, ರೊಕ್ಕಕ್ಕಾಗಿ ಮಾಡ್ತಿದಾರೇನು ಅಂತ.

ಬಹಳಷ್ಟು ಸಲ ಎರಡೂ ಅಲ್ಲ. ಹ್ಯಾಮರೇಜ್ ಆದವರಿಗೆ ಅಪಾಯ ಎರಡು ಕಂತಿನಲ್ಲಿ ಬರ್ತದೆ. ಮೊದಲನೇದು ರಕ್ತದ್ದು, ಎರಡನೇದು ನೀರಿನದ್ದು. ರಕ್ತದ ಬಗ್ಗೆ ಎಲ್ಲರಿಗೂ ಗೊತ್ತು, ನೀರಿನ ಬಗ್ಗೆ ಯಾರೂ ಮೊದಲೇ ಹೇಳಿರಲ್ಲ. ಇನ್ನೊಂದು ಮಾತು, ಈ ನೀರಿನ ತೊಂದರೆ ಐಸಿಯುನಲ್ಲೇ ಮುಗಿಯುತ್ತದೆ ಅಂತಿಲ್ಲ. ಮನೆಗೆ ಬಂದು ತಿಂಗಳಾದ ಮೇಲೂ ಕಾಣಿಸಿಕೊಳ್ಳಬಹುದು. ಅಲ್ಲಿ ಸ್ಕ್ಯಾನ್ ಇಲ್ಲ, ನರ್ಸ್ ಇಲ್ಲ. ಗಮನಿಸಬೇಕಾದವರು ಮನೆಯವರೇ.

ಏನಿದು ನೀರು?

ಡಾಕ್ಟರು ಇದನ್ನ ಸಿಎಸ್ಎಫ್ ಅಂತಾರೆ. ತಿಳಿ ನೀರಿನ ಥರ ಇರೋ ದ್ರವ. ಮೆದುಳಿನ ಒಳಗೆ ನಾಲ್ಕು ಟೊಳ್ಳು ಕೋಣೆಗಳಿವೆ, ಈ ದ್ರವ ಹೆಚ್ಚಾಗಿ ಅಲ್ಲೇ ತಯಾರಾಗ್ತದೆ. ಅಲ್ಲಿಂದ ಸಣ್ಣ ಸಣ್ಣ ದಾರಿಗಳಲ್ಲಿ ಹರಿದು ಮೆದುಳು ಮತ್ತು ಬೆನ್ನುಹುರಿಯ ಸುತ್ತ ಬಂದು, ಕೊನೆಗೆ ರಕ್ತದಲ್ಲಿ ಇಂಗಿಹೋಗ್ತದೆ. ದೊಡ್ಡವರ ಮೈಯಲ್ಲಿ ಒಂದು ಸಮಯಕ್ಕೆ ಇರೋದು ಸುಮಾರು 150 ಎಂ.ಎಲ್. ಮಾತ್ರ. ಆದರೆ ದಿನಕ್ಕೆ ತಯಾರಾಗೋದು ಸುಮಾರು 500 ಎಂ.ಎಲ್., ಅಂದ್ರೆ ಅರ್ಧ ಲೀಟರ್ ನೀರಿನ ಬಾಟಲಿ. ಹಳೇದು ಹೋಗ್ತಿರಬೇಕು, ಹೊಸದು ಬರ್ತಿರಬೇಕು.

ಈಗ ಒಳಗೆ ರಕ್ತ ಒಡೆದರೆ ಏನಾಗ್ತದೆ? ಕೋಣೆಗಳ ನಡುವಿನ ದಾರಿಯಲ್ಲಿ ಕೆಲವು ಕಡೆ ಒಂದೆರಡು ಮಿಲಿಮೀಟರ್ ಅಗಲವೂ ಇರೋದಿಲ್ಲ. ಅಲ್ಲಿ ರಕ್ತ ಹೆಪ್ಪುಗಟ್ಟಿದರೆ ದಾರಿ ಬಂದ್. ಅಥವಾ ರಕ್ತದ ಚೂರುಗಳು ನೀರು ಇಂಗುವ ಜಾಗಕ್ಕೆ ಹೋಗಿ ಕೂತರೆ ಇಂಗೋದು ನಿಧಾನ. ನಲ್ಲಿ ಮಾತ್ರ ಬಂದ್ ಆಗಿರಲ್ಲ. ತಾಸಿಗೆ ಸುಮಾರು 20 ಎಂ.ಎಲ್., ಅಂದ್ರೆ ನಾಲ್ಕು ಚಹಾ ಚಮಚದಷ್ಟು ಹೊಸ ನೀರು ಬರ್ತಾನೇ ಇರ್ತದೆ. ತಲೆಬುರುಡೆ ಹಿಗ್ಗೋ ವಸ್ತು ಅಲ್ಲ. ಒತ್ತಡ ಮೆದುಳಿನ ಮೇಲೆ ಬೀಳ್ತದೆ. ರೋಗಿಗೆ ಮೊದಲು ತಲೆನೋವು, ವಾಂತಿ, ಆಮೇಲೆ ಮಂಪರು, ಆಮೇಲೆ ಎಚ್ಚರ ತಪ್ಪೋದು. ಇದಕ್ಕೆ ಹೈಡ್ರೋಕೆಫಲಸ್ ಅಂತಾರೆ.

ಬಿಪಿ ಏರಿ ಆಗುವ ಹ್ಯಾಮರೇಜ್ ಹೆಚ್ಚಾಗಿ ಮೆದುಳಿನ ಆಳದಲ್ಲಿ, ಈ ಕೋಣೆಗಳ ಪಕ್ಕದಲ್ಲೇ ಆಗ್ತದೆ. ಹತ್ತು ಜನರಲ್ಲಿ ಸುಮಾರು ನಾಲ್ಕು ಜನರಿಗೆ ರಕ್ತ ಕೋಣೆಯೊಳಗೂ ನುಗ್ಗಿರ್ತದೆ. ನೀರಿನ ತೊಂದರೆ ಹೆಚ್ಚು ಇವರಿಗೇ.

ಇಲ್ಲಿ ಒಂದು ಹೋಲಿಕೆ ಬಿಡಬೇಕು. ಮೈಸೂರು ಮೂಲದ ಸದ್ಗುರು ಜಗ್ಗಿ ವಾಸುದೇವ್ ಅವರಿಗೆ 2024ರ ಮಾರ್ಚ್ 17ರಂದು ದೆಹಲಿಯ ಅಪೋಲೋ ಆಸ್ಪತ್ರೆಯಲ್ಲಿ ಮೆದುಳಿನ ರಕ್ತಸ್ರಾವಕ್ಕೆ ಆಪರೇಷನ್ ಆಯ್ತು. ಕೆಲವೇ ದಿನದಲ್ಲಿ ಹಾಸಿಗೆ ಮೇಲಿಂದ ಮಾತಾಡಿದ ವಿಡಿಯೋ ಎಲ್ಲರ ಮೊಬೈಲ್‌ಗೂ ಬಂತು, ಹತ್ತು ದಿನಕ್ಕೆ ಡಿಸ್ಚಾರ್ಜ್ ಕೂಡ ಆದರು. 'ಅವರು ಹತ್ತು ದಿನಕ್ಕೆ ಎದ್ದರು, ನಮ್ಮ ಕಾಕಾ ತಿಂಗಳಾದರೂ ಯಾಕೆ ಐಸಿಯುದಾಗ?' ಅಂತ ಯಾರಾದರೂ ಕೇಳಿದರೆ ಉತ್ತರ ಇಷ್ಟೇ: ಅವರದ್ದು ಮೆದುಳಿನ ಹೊರಗಡೆ, ಬುರುಡೆಗೂ ಮೆದುಳಿಗೂ ನಡುವೆ ಸೇರಿದ ರಕ್ತ. ಕಾಕಾಂದು ಮೆದುಳಿನ ಒಳಗೆ ಒಡೆದಿದ್ದು. ಹೆಸರು ಒಂದೇ, ರೋಗ ಬೇರೆ.

ಸ್ಟ್ಯಾಂಡಿಗೆ ತೂಗುಹಾಕಿದ ಆ ಪೈಪ್

ನೀರು ತೆಗೆಯೋಕೆ ಮೊದಲು ಹಾಕೋದು ತಾತ್ಕಾಲಿಕ ಪೈಪ್, ಅದರ ಹೆಸರು ಇವಿಡಿ. ಬುರುಡೆಗೆ ಸಣ್ಣ ತೂತು ಮಾಡಿ, ಮೆತ್ತನೆಯ ಸಣ್ಣ ನಳಿಕೆಯನ್ನ ಮೆದುಳಿನ ಕೋಣೆಯವರೆಗೆ ಇಳಿಸ್ತಾರೆ. ಇನ್ನೊಂದು ತುದಿ ಚರ್ಮದಡಿ ಸ್ವಲ್ಪ ದೂರ ಹಾದು ಹೊರಗೆ ಬಂದು, ಸ್ಟ್ಯಾಂಡಿಗೆ ತೂಗುಹಾಕಿದ ಅಳತೆ ಬಾಟಲಿಗೆ ಸೇರ್ತದೆ. ಮೊದಲ ದಿನಗಳಲ್ಲಿ ಅದರಲ್ಲಿ ಬರೋ ನೀರು ಕೆಂಪಾಗಿರ್ತದೆ. ನೋಡಿ ಹೆದರಬೇಡಿ, ಒಡೆದ ರಕ್ತ ಅದರ ಜೊತೆ ಹೊರಗೆ ಬರ್ತಿರ್ತದೆ. ದಿನ ಕಳೆದಂತೆ ಹಳದಿ ಆಗಿ, ಆಮೇಲೆ ತಿಳಿಯಾಗಬೇಕು. ತಿಳಿ ಆಗ್ತಿದ್ದ ನೀರು ಒಮ್ಮೆಲೇ ಮತ್ತೆ ಕೆಂಪಾದರೆ ಮಾತ್ರ ತಡಮಾಡದೇ ನರ್ಸ್‌ಗೆ ಹೇಳಬೇಕು.

ಇದರಲ್ಲಿ ಎಲ್ಲಾ ಆಟ ಎತ್ತರದ್ದು. ನಮ್ಮ ಗೌಂಡಿಗಳು ಮನೆ ಪಾಯಾ ಹಾಕುವಾಗ ನೀರು ತುಂಬಿದ ಲೆವೆಲ್ ಪೈಪ್ ಹಿಡಿದು ಮಟ್ಟ ನೋಡೋದನ್ನ ನೋಡಿರ್ತೀರಿ. ಇದೂ ಅದೇ ಲೆಕ್ಕ. ರೋಗಿಯ ಕಿವಿಯ ಮಟ್ಟವನ್ನ ಸೊನ್ನೆ ಅಂತ ಹಿಡಿದು, ಅದಕ್ಕಿಂತ ಇಷ್ಟು ಸೆಂಟಿಮೀಟರ್ ಮೇಲೆ ಬಾಟಲಿ ಇರಬೇಕು ಅಂತ ಡಾಕ್ಟರ್ ಬರೆದಿರ್ತಾರೆ. ಒಳಗಿನ ಒತ್ತಡ ಆ ಎತ್ತರ ದಾಟಿದರೆ ಮಾತ್ರ ನೀರು ಹೊರಗೆ ಬೀಳ್ತದೆ.

ಈಗ ಯೋಚನೆ ಮಾಡಿ. ಮಾತಾಡಿಸೋಕೆ ಬಂದ ನೆಂಟರೊಬ್ಬರು ಪ್ರೀತಿಯಿಂದ 'ಸ್ವಲ್ಪ ಎತ್ತಿ ಕೂಡ್ರಸ್ರಿ' ಅಂತ ಮಂಚದ ತಲೆಕಡೆ ಏರಿಸಿದರೆ ತಲೆ ಮೇಲೆ ಹೋಯ್ತು, ಬಾಟಲಿ ಅಲ್ಲೇ ಕೆಳಗೆ ಉಳೀತು. ನೀರು ಬೇಕಾದ್ದಕ್ಕಿಂತ ಜೋರಾಗಿ ಹರಿದುಹೋಗ್ತದೆ. ಒಳಗಿನ ಕೋಣೆಗಳು ಕುಸಿದು, ಮೆದುಳು ಬುರುಡೆಯಿಂದ ಒಳಕ್ಕೆ ಜಗ್ಗಿ, ನಡುವಿನ ರಕ್ತನಾಳ ಹರಿದು ಹೊಸ ರಕ್ತಸ್ರಾವ ಆಗಬಹುದು. ರಕ್ತನಾಳ ಉಬ್ಬಿ ಒಡೆದ ರೋಗಿಯಾಗಿದ್ದರೆ, ಅಂದ್ರೆ ಅನ್ಯೂರಿಸಂ ಇದ್ದರೆ, ಆ ಉಬ್ಬು ಮತ್ತೆ ಒಡೆಯೋ ಭಯವೂ ಇದೆ. ಉಲ್ಟಾ, ಮಂಚ ಇಳಿಸಿ ಬಾಟಲಿ ಮೇಲೇ ಉಳಿದರೆ ನೀರು ಬರೋದೇ ನಿಲ್ತದೆ, ಒತ್ತಡ ಏರ್ತದೆ. ಅದಕ್ಕೇ ರೋಗಿಯನ್ನ ಮಗ್ಗಲು ತಿರುಗಿಸುವಾಗ, ಕೂಡಿಸುವಾಗ, ಸ್ಕ್ಯಾನ್‌ಗೆ ಒಯ್ಯುವಾಗ ನರ್ಸ್ ಪೈಪಿನ ಕ್ಲಿಪ್ ಬಂದ್ ಮಾಡ್ತಾರೆ, ಆಮೇಲೆ ಮಟ್ಟ ನೋಡಿ ಮತ್ತೆ ತೆಗೀತಾರೆ. ತೆಗೆಯೋದು ಮರೆತರೂ ಅಪಾಯವೇ. 'ಸಿಸ್ಟರ್, ಕ್ಲಿಪ್ ತೆಗೆದ್ರಾ?' ಅಂತ ಕೇಳಿದರೆ ಯಾರೂ ತಪ್ಪು ತಿಳ್ಕೊಳ್ಳಲ್ಲ. ಕೇಳಬೇಕು. ಕೈ ಮಾತ್ರ ಹಾಕಬಾರದು.

ಪೈಪ್ ಕಟ್ಟಿಕೊಳ್ಳೋದು ಇನ್ನೊಂದು ತೊಂದರೆ. ನಮ್ಮ ಹೊಲದ ಡ್ರಿಪ್ ಪೈಪಿಗೆ ಉಪ್ಪು ಕಟ್ಟಿದ ಹಾಗೆ ಇದರಲ್ಲಿ ರಕ್ತದ ಚೂರು ಕಟ್ಟಿಕೊಳ್ತದೆ. ಡಾಕ್ಟರ್ ಬಹಳ ಹುಷಾರಿಯಿಂದ ತೊಳೆದು ತೆಗೆಯೋಕೆ ನೋಡ್ತಾರೆ, ಆಗದಿದ್ದರೆ ಪೈಪ್ ಬದಲು ಮಾಡ್ತಾರೆ. 'ಎರಡನೇ ಸಲ ಪೈಪ್ ಹಾಕಿದ್ರು' ಅಂದ್ರೆ ಮೊದಲನೇದು ತಪ್ಪು ಹಾಕಿದ್ರು ಅಂತ ಅರ್ಥ ಅಲ್ಲ.

ರಕ್ತ ಕರಗಿಸುವ ಔಷಧವನ್ನ ಪೈಪ್ ಮೂಲಕವೇ ಒಳಗೆ ಬಿಡೋ ಪದ್ಧತಿಯೂ ಇದೆ. 500 ರೋಗಿಗಳ ಮೇಲೆ ನಡೆದ ಕ್ಲಿಯರ್-3 ಅನ್ನೋ ಅಂತಾರಾಷ್ಟ್ರೀಯ ಅಧ್ಯಯನದ ಫಲಿತಾಂಶ 2017ರಲ್ಲಿ ಬಂತು. ಬರೀ ಉಪ್ಪುನೀರು ಬಿಟ್ಟವರಲ್ಲಿ ಆರು ತಿಂಗಳೊಳಗೆ ತೀರಿಕೊಂಡವರು 100ಕ್ಕೆ 29, ಔಷಧ ಬಿಟ್ಟವರಲ್ಲಿ 18. ಆದರೆ ಚೇತರಿಸಿಕೊಂಡು ಓಡಾಡುವಷ್ಟು ಆದವರ ಲೆಕ್ಕ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಅಂದ್ರೆ ಜೀವ ಉಳೀತು, ಹಲವರು ಹಾಸಿಗೆ ಹಿಡಿದೇ ಉಳಿದರು. ಇಂಥ ಔಷಧದ ಮಾತು ಬಂದಾಗ ಡಾಕ್ಟರ್ ಯಾಕೆ ಗಟ್ಟಿಯಾಗಿ ಹೌದು ಅಥವಾ ಬೇಡ ಅನ್ನಲ್ಲ ಅನ್ನೋದಕ್ಕೆ ಇದೇ ಕಾರಣ.

ಜ್ವರ ಬಂದರೆ

ಎಲ್ಲಕ್ಕಿಂತ ಹೆಚ್ಚು ಕಾಡೋದು ಸೋಂಕು. ಹೊರಗಿನ ಗಾಳಿಯಲ್ಲಿರೋ ಒಂದು ಪೈಪ್ ನೇರವಾಗಿ ಮೆದುಳಿಗೆ ಹೋಗಿದೆ ಅಂದ್ರೆ ಕ್ರಿಮಿಗೂ ಅದೇ ದಾರಿ. ಆಸ್ಪತ್ರೆಯಿಂದ ಆಸ್ಪತ್ರೆಗೆ ಲೆಕ್ಕ ಬದಲಾಗ್ತದೆ, ಸುಮಾರಾಗಿ ಹತ್ತು ಜನರಲ್ಲಿ ಒಬ್ಬರಿಗೆ ಬರ್ತದೆ ಅಂತ ಹಿಡೀಬಹುದು. ಪೈಪ್ ಹೆಚ್ಚು ದಿನ ಇದ್ದಷ್ಟೂ, ಪದೇ ಪದೇ ಬಿಚ್ಚಿ ನೀರಿನ ಸ್ಯಾಂಪಲ್ ತೆಗೆದಷ್ಟೂ, ಪೈಪಿನ ಬುಡದಿಂದ ನೀರು ಸೋರಿದಷ್ಟೂ ಅಪಾಯ ಜಾಸ್ತಿ.

ಕಷ್ಟ ಏನಂದ್ರೆ, ಮೆದುಳಿನಲ್ಲಿ ರಕ್ತ ಇದ್ದರೆ ಸೋಂಕು ಇಲ್ಲದೇನೂ ಜ್ವರ ಬರ್ತದೆ. ನೀರಿನ ಟೆಸ್ಟ್‌ನಲ್ಲಿ ರಕ್ತದಿಂದಾಗಿಯೇ ಬಿಳಿ ಕಣಗಳು ಹೆಚ್ಚಿರ್ತವೆ. ಜೊತೆಗೆ ನ್ಯುಮೋನಿಯಾ ಜ್ವರ, ಮೂತ್ರದ ಪೈಪಿನ ಸೋಂಕಿನ ಜ್ವರ. ಯಾವುದು ಯಾವುದರದ್ದು ಅಂತ ಹೇಳೋಕೆ ಕಲ್ಚರ್ ರಿಪೋರ್ಟ್ ಬರಬೇಕು, ಅದಕ್ಕೆ ಎರಡು ಮೂರು ದಿನ ಬೇಕು. 'ಡಾಕ್ಟರಿಗೇ ಗೊತ್ತಿಲ್ಲ' ಅಂತ ಸಿಟ್ಟಾಗಿ ರೋಗಿಯನ್ನ ಬೇರೆ ಕಡೆ ಒಯ್ಯೋ ಯೋಚನೆ ಮನೆಯವರಿಗೆ ಬರೋದು ಹೆಚ್ಚಾಗಿ ಈ ಮೂರು ದಿನದಲ್ಲೇ. ಹರಿಯುತ್ತಿರೋ ಪೈಪ್ ಸಮೇತ ಆಂಬುಲೆನ್ಸ್‌ನಲ್ಲಿ ರೋಗಿಯನ್ನ ಅಲ್ಲಿಂದಿಲ್ಲಿಗೆ ಸಾಗಿಸೋದು ಸಣ್ಣ ಮಾತಲ್ಲ. ಒಯ್ಯಲೇಬೇಕಾದರೆ ಎರಡೂ ಕಡೆಯ ಡಾಕ್ಟರ್ ಮಾತಾಡಿಕೊಂಡಿರಬೇಕು.

ಸೋಂಕು ಖಾತ್ರಿಯಾದರೆ ಆ ಪೈಪ್ ತೆಗೆದು ಬೇರೆ ಹಾಕೋದು, ರಕ್ತನಾಳದ ಮೂಲಕ ಆಂಟಿಬಯೋಟಿಕ್, ಕೆಲವೊಮ್ಮೆ ಪೈಪ್ ಮೂಲಕವೇ ಮೆದುಳಿನ ಕೋಣೆಗೆ ಆಂಟಿಬಯೋಟಿಕ್. ಎರಡು ಮೂರು ವಾರ ಹಿಡೀತದೆ. ಬಿಲ್ ಏರೋದು, ಅಂಗಡಿ ಬಾಗಿಲು ಹಾಕಿ ಕೂತವರ ತಾಳ್ಮೆ ಮುಗಿಯೋದು ಇಲ್ಲೇ.

ಕೆಲವರಿಗೆ ಊತ ಇಳಿಯಲಿ ಅಂತ ಬುರುಡೆಯ ಒಂದು ಭಾಗದ ಮೂಳೆ ತೆಗೆದಿಟ್ಟಿರ್ತಾರೆ. ಆ ಮೂಳೆಯನ್ನ ರೋಗಿಯ ಹೊಟ್ಟೆಯ ಚರ್ಮದಡಿಯೇ ಇಡೋದು ನಮ್ಮ ದೇಶದಲ್ಲಿ ಸಾಮಾನ್ಯ. ಇವರಲ್ಲಿ ಆ ಮೆತ್ತನೆಯ ಜಾಗವೇ ಒಂದು ಮೀಟರ್ ಇದ್ದಂತೆ. ಬಿಗಿಯಾಗಿ ಉಬ್ಬಿದರೆ ಒಳಗೆ ಒತ್ತಡ ಇದೆ. ತೀರಾ ಒಳಗೆ ಗುಂಡಿ ಬಿದ್ದು ರೋಗಿ ಮಂಕಾದರೆ ನೀರು ಹೆಚ್ಚು ಹೋಗಿರಬಹುದು. ಎರಡನ್ನೂ ತೋರಿಸಬೇಕು.

ತಾತ್ಕಾಲಿಕ ಹೋಗಿ ಶಾಶ್ವತ

ರಕ್ತ ಕರಗಿ, ನೀರು ತಿಳಿಯಾದ ಮೇಲೆ ಬಾಟಲಿಯನ್ನ ಮೇಲೆ ಏರಿಸ್ತಾ ಹೋಗ್ತಾರೆ, ಅಥವಾ ಕ್ಲಿಪ್ ಹಾಕಿ ಒಂದು ದಿನ ಕಾದು ಸ್ಕ್ಯಾನ್ ಮಾಡ್ತಾರೆ. ಮೆದುಳು ತಾನೇ ನೀರು ಇಂಗಿಸಿಕೊಂಡರೆ ಪೈಪ್ ತೆಗೆದು ಹೊಲಿಗೆ. ಆ ಹೊಲಿಗೆಯಿಂದ ನೀರು ಒಸರಿ ತಲೆದಿಂಬು ಒದ್ದೆ ಆಗ್ತಿದ್ದರೆ 'ಬೆವರು' ಅಂತ ಬಿಡಬೇಡಿ. ಅರಿಶಿಣ ಪುಡಿ ಹಚ್ಚಿ ಬಟ್ಟೆ ಕಟ್ಟೋದಂತೂ ಬೇಡವೇ ಬೇಡ. ನೀರು ಹೊರಗೆ ಬರೋ ದಾರಿ ಇದ್ದರೆ ಕ್ರಿಮಿ ಒಳಗೆ ಹೋಗೋ ದಾರಿಯೂ ಇದೆ.

ಮೆದುಳು ಇಂಗಿಸಿಕೊಳ್ಳದಿದ್ದರೆ ಶಂಟ್. ಕಿವಿ ಹಿಂದಿನಿಂದ ಕುತ್ತಿಗೆ, ಎದೆಯ ಚರ್ಮದಡಿ ಹಾದು ಹೊಟ್ಟೆಯೊಳಗೆ ಬಿಡೋ ಪೈಪ್ ಇದು. ನಡುವೆ ಒಂದು ವಾಲ್ವ್. ನೀರು ಹೊಟ್ಟೆಯಲ್ಲಿ ಇಂಗಿಹೋಗ್ತದೆ. ಹೊರಗೆ ಏನೂ ಕಾಣಲ್ಲ, ಕಿವಿ ಹಿಂದೆ ಕೈ ಆಡಿಸಿದರೆ ಸಣ್ಣ ಗುಬುಟು ಸಿಗ್ತದೆ ಅಷ್ಟೇ.

ಈ ವಾಲ್ವಿನ ಕಥೆ ಅಂಗಡಿಕಾರರಿಗೂ ಮೆಕ್ಯಾನಿಕ್‌ಗಳಿಗೂ ಇಷ್ಟ ಆಗಬಹುದು. 1950ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಬೀಗ ಮಾಡೋ ಕಂಪನಿಯ ಕೆಲಸಗಾರ ಜಾನ್ ಹೋಲ್ಟರ್ ಅವರ ಮಗನಿಗೆ ಹುಟ್ಟಿನಿಂದಲೇ ತಲೆಯಲ್ಲಿ ನೀರು ತುಂಬೋ ತೊಂದರೆ ಇತ್ತು. ನೀರು ಒಂದೇ ದಿಕ್ಕಿಗೆ ಹೋಗಬೇಕು, ವಾಪಸ್ ಬರಬಾರದು, ಇಂಥ ವಾಲ್ವ್ ಆಗ ಸರಿಯಾಗಿ ಇರಲಿಲ್ಲ. ಡಾಕ್ಟರ್ ಅಲ್ಲದ ಹೋಲ್ಟರ್ ತಾವೇ ಕೂತು ಸಿಲಿಕೋನ್‌ನಲ್ಲಿ ವಾಲ್ವ್ ಮಾಡಿದರು. ಅದು 1956ರಿಂದ ಬಳಕೆಗೆ ಬಂತು.

ನಮ್ಮ ದೇಶದ್ದೇ ಒಂದಿದೆ. ಉತ್ತರ ಪ್ರದೇಶದ ಶಹಜಹಾನ್‌ಪುರದಲ್ಲಿ ತಯಾರಾಗೋ ಛಾಬ್ರಾ ಶಂಟ್. ವಿದೇಶಿ ಶಂಟ್‌ಗಳಿಗಿಂತ ಹಲವು ಪಟ್ಟು ಅಗ್ಗ. 'ಅಗ್ಗದ್ದು ಹಾಕಿ ಕೈ ತೊಳ್ಕೊಂಡ್ರು' ಅನ್ನೋರಿಗೆ ಒಂದು ಮಾಹಿತಿ: ಆಫ್ರಿಕಾದ ಉಗಾಂಡಾದಲ್ಲಿ 195 ಮಕ್ಕಳ ಮೇಲೆ ಛಾಬ್ರಾ ಮತ್ತು ಒಂದು ದುಬಾರಿ ವಿದೇಶಿ ಶಂಟ್ ಎರಡನ್ನೂ ಹೋಲಿಸಿ ನೋಡಿದರು. 2005ರಲ್ಲಿ ಪ್ರಕಟವಾದ ವರದಿ ಪ್ರಕಾರ ಒಂದು ವರ್ಷದ ನಂತರ ಎರಡರ ಫಲಿತಾಂಶದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅದು ಮಕ್ಕಳ ಲೆಕ್ಕ, ದೊಡ್ಡವರ ಹ್ಯಾಮರೇಜ್‌ಗೆ ನೇರವಾಗಿ ಹೊಂದಿಸೋಕಾಗಲ್ಲ. ಆದರೂ ಬೆಲೆ ನೋಡಿ ಗುಣ ಅಳೆಯೋದು ಇಲ್ಲಿ ನಡೆಯಲ್ಲ ಅನ್ನೋದಕ್ಕೆ ಸಾಕು. ರೊಕ್ಕ ಇದ್ದವರು ಕೇಳಬೇಕಾದ್ದು ಬೇರೆ: ಆಂಟಿಬಯೋಟಿಕ್ ತುಂಬಿದ ಪೈಪ್ ಸಿಗ್ತದೇನು ಅಂತ. ಬ್ರಿಟನ್ ಮತ್ತು ಐರ್ಲೆಂಡ್‌ನಲ್ಲಿ 1,605 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಾಧಾರಣ ಪೈಪ್ ಹಾಕಿದವರಲ್ಲಿ 100ಕ್ಕೆ 6 ಜನರಿಗೆ ಸೋಂಕಾಗಿತ್ತು, ಆಂಟಿಬಯೋಟಿಕ್ ಪೈಪ್ ಹಾಕಿದವರಲ್ಲಿ 2 ಜನರಿಗೆ.

ಶಂಟ್ ಹಾಕಿದ ಮೇಲೆ ಕಥೆ ಮುಗೀತು ಅಂತ ಅಲ್ಲ. ಅದೂ ಕಟ್ಟಿಕೊಳ್ಳಬಹುದು, ಸೋಂಕಾಗಬಹುದು, ಹೆಚ್ಚು ಹರಿಯಬಹುದು. ಸೋಂಕು ಬರೋದಿದ್ದರೆ ಬಹಳಷ್ಟು ಮೊದಲ ಕೆಲವು ತಿಂಗಳಲ್ಲೇ.

ಮನೆಯಲ್ಲಿ ಕಾಣೋದು

ನಮ್ಮ ಕಡೆ ದೊಡ್ಡ ತಪ್ಪು ಆಗೋದು ಇಲ್ಲಿ ಅಂತ ನನ್ನ ಅನಿಸಿಕೆ. ಡಿಸ್ಚಾರ್ಜ್ ಆಗಿ ಬಂದ ಅಜ್ಜ ಮೊದಲ ವಾರ ಗುರುತು ಹಿಡಿದು ಮಾತಾಡ್ತಿದ್ದ, ಕೋಲು ಹಿಡಿದು ಬಚ್ಚಲತನಕ ಹೋಗ್ತಿದ್ದ. ಮೂರನೇ ವಾರಕ್ಕೆ ದಿನವಿಡೀ ಮಲಗ್ತಾನೆ. ಹೆಜ್ಜೆ ನೆಲಕ್ಕೆ ಅಂಟಿದ ಹಾಗೆ ನಡೀತಾನೆ, ಹಾಸಿಗೆಯಲ್ಲೇ ಉಚ್ಚೆ ಆಗ್ತದೆ, ಬೆಳಿಗ್ಗೆ ಉಂಡದ್ದು ಮಧ್ಯಾಹ್ನ ನೆನಪಿಲ್ಲ. ಮನೆಯವರು ಏನಂತಾರೆ? 'ಅಶಕ್ತಿ ಆಗೇದ, ವಯಸ್ಸಾತು, ಲಕ್ವಾ ಹೊಡದದಲ್ಲ.' ಊರಲ್ಲೇ ಎರಡು ಬಾಟಲಿ ಗ್ಲುಕೋಸ್ ಹಾಕಿಸ್ತಾರೆ.

ಅದು ಅಶಕ್ತಿ ಇರಲಿಕ್ಕಿಲ್ಲ. ನಡಿಗೆ, ಉಚ್ಚೆ, ನೆನಪು ಈ ಮೂರೂ ಒಟ್ಟಿಗೆ ಕೆಡ್ತಾ ಬಂದರೆ ನಿಧಾನಕ್ಕೆ ನೀರು ತುಂಬ್ತಿರೋ ಲಕ್ಷಣ. ಒಂದು ಸಿಟಿ ಸ್ಕ್ಯಾನ್‌ನಲ್ಲಿ ಗೊತ್ತಾಗ್ತದೆ. ಹ್ಯಾಮರೇಜ್ ನಂತರ ಕೆಡುವ ಸಂಗತಿಗಳಲ್ಲಿ ವಾಪಸ್ ಸರಿ ಮಾಡೋಕೆ ಸಾಧ್ಯ ಇರೋ ಕೆಲವೇ ಕೆಲವುಗಳಲ್ಲಿ ಇದೂ ಒಂದು. ಮಲಗಿದ ಅಜ್ಜ ಎದ್ದು ಕೂರಬಹುದಾದ ಅವಕಾಶವನ್ನ 'ವಯಸ್ಸಾತು' ಅಂತ ಕಳಕೊಳ್ಳೋದು ಬೇಡ.

ಇವು ಕಂಡರೆ ಅದೇ ದಿನ ಹೊರಡಬೇಕು: ತಲೆನೋವಿನ ಜೊತೆ ವಾಂತಿ, ಎಬ್ಬಿಸಿದರೂ ಎಚ್ಚರ ಆಗದ ನಿದ್ದೆ, ಫಿಟ್ಸ್, ಒಂದು ವಸ್ತು ಎರಡಾಗಿ ಕಾಣೋದು, ಜ್ವರದ ಜೊತೆ ಕುತ್ತಿಗೆ ಬಿಗಿ, ಗಾಯದಿಂದ ನೀರು, ಕಿವಿ ಹಿಂದೆಯಿಂದ ಎದೆಯವರೆಗೆ ಪೈಪ್ ಹಾದ ಜಾಗ ಕೆಂಪಾಗೋದು. ಶಂಟ್ ಇದ್ದವರಿಗೆ ಜ್ವರದ ಜೊತೆ ಹೊಟ್ಟೆನೋವು, ಹೊಟ್ಟೆ ಉಬ್ಬರ ಬಂದರೆ ಬರೀ ಗ್ಯಾಸ್ ಅಂತ ಗುಳಿಗೆ ನುಂಗಿಸಬೇಡಿ, ಪೈಪಿನ ಕೆಳ ತುದಿ ಅಲ್ಲೇ ಇದೆ. ಮಲಗಿದಾಗ ಇಲ್ಲದ ತಲೆನೋವು ಎದ್ದು ಕೂತ ಕೂಡಲೇ ಬಂದರೆ ನೀರು ಹೆಚ್ಚು ಹರೀತಿದೆ ಅಂತ ಸಂಶಯ ಪಡಬೇಕು. ಮಂಪರಿಗೆಲ್ಲಾ ಪೈಪೇ ಕಾರಣ ಅಂತಲ್ಲ, ರಕ್ತದಲ್ಲಿ ಸೋಡಿಯಂ ಇಳಿದರೂ ಹೀಗೇ ಆಗ್ತದೆ, ಫಿಟ್ಸ್ ಗುಳಿಗೆಯಿಂದಲೂ ಆಗ್ತದೆ. ಯಾವುದು ಅಂತ ಟೆಸ್ಟ್ ಹೇಳಬೇಕು, ನಾವು ಕಟ್ಟೆಮೇಲೆ ಕೂತು ಹೇಳೋದಲ್ಲ.

ನಮ್ಮವರ ದಾರಿ ಸಾಮಾನ್ಯವಾಗಿ ಶಿರಹಟ್ಟಿ, ಗದಗ ಜಿಮ್ಸ್, ಅಲ್ಲಿಂದ ಹುಬ್ಬಳ್ಳಿ ಕಿಮ್ಸ್ ಅಥವಾ ಧಾರವಾಡದ ಎಸ್‌ಡಿಎಂ, ತೀರಾ ಆದರೆ ಬೆಂಗಳೂರಿನ ನಿಮ್ಹಾನ್ಸ್. ಗದಗದಿಂದ ಹುಬ್ಬಳ್ಳಿಯೇ ಸುಮಾರು 60 ಕಿ.ಮೀ. ರಾತ್ರಿ ಕಂಡ ಲಕ್ಷಣಕ್ಕೆ 'ಬೆಳಿಗ್ಗೆ ಬಸ್ಸಿಗೆ ಹೋಗೋಣ' ಅಂದ್ರೆ ತಡವಾಗಬಹುದು. ತುರ್ತು ಇದ್ದಾಗ 108ಕ್ಕೆ ಫೋನ್ ಮಾಡಿ, 'ತಲೆ ಆಪರೇಷನ್ ಆಗಿದೆ, ಪೈಪ್ ಇದೆ' ಅನ್ನೋದನ್ನ ಮೊದಲ ಮಾತಲ್ಲೇ ಹೇಳಿ.

ಖರ್ಚಿನ ವಿಷಯ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕಾರ್ಡಿನವರಿಗೆ ಪ್ಯಾಕೇಜ್ ದರದ ಶೇ.30ರಷ್ಟು, ವರ್ಷಕ್ಕೆ 1.5 ಲಕ್ಷ ರೂ. ಮಿತಿಯಲ್ಲಿ. ಆಸ್ಪತ್ರೆಯಲ್ಲಿರೋ ಆರೋಗ್ಯ ಮಿತ್ರರನ್ನ ಮೊದಲ ದಿನವೇ ಕಂಡು, ಮೊದಲ ಆಪರೇಷನ್‌ಗೆ ಮಂಜೂರಾತಿ ಆದ ಮೇಲೆ ಪೈಪ್ ಅಥವಾ ಶಂಟ್‌ಗೆ ಮತ್ತೆ ಬೇರೆ ಮಂಜೂರಾತಿ ಬೇಕಾ ಅಂತ ಕೇಳಿಟ್ಟುಕೊಳ್ಳಿ. ಎರಡನೇ ಆಪರೇಷನ್ ಹೊತ್ತಿಗೆ ರೇಷನ್ ಕಾರ್ಡ್ ತರೋಕೆ ಊರಿಗೆ ಓಡೋದು ತಪ್ಪುತ್ತದೆ.

ಡಿಸ್ಚಾರ್ಜ್ ಹಾಳೆ, ಕೊನೆಯ ಸ್ಕ್ಯಾನ್ ಫಿಲ್ಮ್ ಅಥವಾ ಸಿಡಿ ಒಂದೇ ಚೀಲದಲ್ಲಿ ಇಡಿ. ಶಂಟ್ ಹಾಕಿದ್ದರೆ ಯಾವ ಕಂಪನಿ, ಯಾವ ಮಾದರಿ ಅನ್ನೋ ಚೀಟಿ ಕೇಳಿ ಪಡೆದು ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಕೆಲವು ವಾಲ್ವ್‌ಗಳನ್ನ ಹೊರಗಿನಿಂದ ಮ್ಯಾಗ್ನೆಟ್ ಹಿಡಿದು ಸೆಟ್ ಮಾಡಿರ್ತಾರೆ. ಅಂಥವರಿಗೆ ಮುಂದೆ ಯಾವುದೋ ಕಾರಣಕ್ಕೆ ಎಂಆರ್‌ಐ ಮಾಡಿಸಿದರೆ ಆ ಸೆಟ್ಟಿಂಗ್ ಬದಲಾಗಬಹುದು, ಆಮೇಲೆ ಮತ್ತೆ ಚೆಕ್ ಮಾಡಿಸಬೇಕು. ಎಂಆರ್‌ಐ ಸೆಂಟರ್‌ನವರಿಗೆ ಒಳಗೆ ಹೋಗೋ ಮೊದಲೇ ಆ ಫೋಟೋ ತೋರಿಸಿ.